ಗ್ರಹಣ, ಪಂಚಾಂಗ ಮತ್ತು ನಮ್ಮ ವಿಜ್ಞಾನಿಗಳು

ಗ್ರಹಣವು ಸಮೀಪಿಸಿತೆಂದರೆ ನಮ್ಮ ನಾಡಿನಲ್ಲಿ ಎರಡು ಧ್ವನಿಗಳು ಕೇಳಬರುವವು. ಒಂದು ಜ್ಯೋತಿಷಿಗಳದು, ಅದು ದೂರದರ್ಶನದ ವಾಹಿನಿಗಳಲ್ಲಿ ಎಷ್ಟೋ ದಿನ ಮೊದಲೇ ಆರಂಭವಾಗಿ, ಇಂಥ ರಾಶಿಯವರಿಗೆ ಇಂಥ ದೋಷ, ಅದಕ್ಕೆ ಇಂಥ ದಾನವೆಂದು ಅಹೋರಾತ್ರಿ ನಡೆಯುವುದು. ಇನ್ನೊಂದು ವಿಜ್ಞಾನಿಗಳದು, ಅದು ಪತ್ರಿಕೆಯ ಒಳಪುಟದಲ್ಲಿ ಅಂಗೈಯಗಲದ ಸ್ಥಳದೊಳಗೆ ಬಂದು, ಇದು ಬರಿಯ ನೆರಳುಬೆಳಕಿನ ಆಟ, ಅಂಜಬೇಡಿರೆಂದು ಹೇಳಿ ಮುಗಿದುಹೋಗುವುದು. ಈ ಎರಡು ಧ್ವನಿಗಳು ಒಂದನ್ನೊಂದು ಕೇಳಿಸಿಕೊಂಡುದನ್ನು ನಾವು ಕಂಡದ್ದು ಅಪೂರ್ವ. ನಡುವೆ ಇರುವ ಜನರಾದರೋ, ಯಾರ ಮಾತು ದಿಟವೆಂದು ವಿಚಾರಿಸುವ ಗೊಡವೆಗೆ ಹೋಗದೆ, ಬಾಗಿಲಿಕ್ಕಿಕೊಂಡು ಒಳಗೆ ಕುಳಿತುಬಿಡುವರು.

2019ನೆಯ ಇಸವಿಯ ಡಿಸೆಂಬರ್ 26ರ ಮುಂಜಾನೆ ಮಂಗಳೂರಿನಲ್ಲಿಯೂ ಕೊಡಗಿನ ಕುಟ್ಟದ ಸೀಮೆಯಲ್ಲಿಯೂ ಕಂಕಣಗ್ರಹಣವಾಯಿತು. ಸೂರ್ಯನು ಬಂಗಾರದ ಬಳೆಯಂತೆ ತೋರಿದನು. ಅದನ್ನು ನೋಡಲು ದೂರದೂರದಿಂದ ಜನರು ಬಂದಿದ್ದರು. ಅದೇ ಮುಂಜಾನೆ ಕಲಬುರಗಿಯ ಬಳಿಯ ತಾಜಸುಲ್ತಾನಪುರದಲ್ಲಿ ಅಂಗವೈಕಲ್ಯವುಳ್ಳ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂಳಿದ್ದರು. ಗ್ರಹಣಕಾಲದಲ್ಲಿ ಹೀಗೆ ಹೂತರೆ ಕೈಕಾಲುಗಳಿಗೆ ಶಕ್ತಿ ಬರುವುದೆಂಬ ನಂಬಿಕೆ. ಆ ತಾಯಿತಂದೆಗಳನ್ನು ಹಳಿಯುವುದಕ್ಕೆ ನಮ್ಮ ಲೇಖನಿಯು ಏಳದು. ಮಗುವಿನ ಕಷ್ಟವನ್ನು ಕಣ್ಣಾರೆ ಕಾಣುತ್ತಿರುವವರು ಯಾವ ಹುಲ್ಲುಕಡ್ಡಿಯನ್ನಾದರೂ ಹಿಡಿದಾರು. ಆದರೆ ಗ್ರಹಣವೆಂದರೇನೆಂಬುದನ್ನು ಅವರ ಬಾಗಿಲಿಗೆ ಹೋಗಿ, ಅವರ ಮಾತಿನಲ್ಲಿ, ಅವರ ಮೇಲೆ ಗೌರವವಿಟ್ಟು ಹೇಳಿದವರು ಯಾರು ಎಂದು ಕೇಳುವ ಹಕ್ಕು ನಮಗುಂಟು. 2017ರಲ್ಲಿ ನಮ್ಮ ಶಾಸನಸಭೆಯು ಅಮಾನುಷ ಪದ್ಧತಿಗಳನ್ನು ತಡೆಯುವ ಕಾಯಿದೆಯೊಂದನ್ನು ಅಂಗೀಕರಿಸಿದ್ದುದು ಸರಿಯೇ. ಕಾಯಿದೆಯು ಮಾಡಿದವನ ಕೈಯನ್ನು ಹಿಡಿಯಬಲ್ಲುದು. ತಿಳಿವಳಿಕೆಯನ್ನು ಕೊಡುವುದು ಅದರ ಕೆಲಸವಲ್ಲ.

ಈ ನಾಡಿಗೂ ಗ್ರಹಣಶಾಸ್ತ್ರಕ್ಕೂ ಇರುವ ನಂಟು ಸಾಮಾನ್ಯವಾದುದಲ್ಲವೆಂಬುದನ್ನು ನಮ್ಮ ವಾಚಕರಿಗೆ ನೆನಪು ಮಾಡಿಕೊಡಬೇಕಾಗಿದೆ. 1868ನೆಯ ಆಗಸ್ಟ್ 18ರಂದು ಸಂಭವಿಸಿದ ಖಗ್ರಾಸ ಸೂರ್ಯಗ್ರಹಣದ ನೆರಳು ವಿಜಾಪುರದ ಸೀಮೆಯ ಮೇಲೆ ಹಾದು ಪೂರ್ವಸಮುದ್ರದ ಕಡೆಗೆ ಹೋಯಿತು. ಅದನ್ನು ನೋಡಲು ಲಂಡನ್ನಿನ ರಾಯಲ್ ಸೊಸೈಟಿಯ ಪರವಾಗಿ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಎಂಬವನು ಜಮಖಂಡಿಯಲ್ಲಿ ಬೀಡುಬಿಟ್ಟನು. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲನ ಮೊಮ್ಮಗನೀತ. ಮೋಡಗಳು ಕಾಟ ಕೊಟ್ಟರೂ, ಸಿಕ್ಕ ಕೆಲವು ಕ್ಷಣಗಳಲ್ಲಿ ರೋಹಿತದರ್ಶಕವನ್ನು ಸೂರ್ಯನ ಅಂಚಿನ ಜ್ವಾಲೆಗಳ ಕಡೆಗೆ ತಿರುಗಿಸಿ, ಅಲ್ಲಿ ಕೆಂಪು, ಕಿತ್ತಿಳೆ, ನೀಲಿ ಬಣ್ಣದ ಉಜ್ವಲ ರೇಖೆಗಳನ್ನು ಕಂಡನು. ಆ ಜ್ವಾಲೆಗಳು ಉರಿಯುವ ಅನಿಲವೆಂಬುದು ಅದರಿಂದ ಸ್ಥಿರಪಟ್ಟಿತು. ಗುಂಟೂರಿನಲ್ಲಿದ್ದ ಫ್ರೆಂಚ್ ಪಂಡಿತ ಜಾನ್ಸನ್ ಮೊದಲಾದವರೂ ಅಂದು ಇದನ್ನೇ ಕಂಡರು. ಕಿತ್ತಿಳೆಯೆಂದು ತೋರಿದ ಆ ರೇಖೆಯು ಭೂಮಿಯ ಮೇಲೆ ಆಗ ತಿಳಿದಿದ್ದ ಯಾವ ಧಾತುವಿನದೂ ಅಲ್ಲವೆಂಬುದು ಮುಂದೆ ಲಾಕ್ಯರನ ಪರಿಶೋಧನೆಯಿಂದ ಹೊರಬಿದ್ದು, ಆ ಹೊಸ ಧಾತುವಿಗೆ ಸೂರ್ಯನ ಹೆಸರೇ ಬಂದು ಹೀಲಿಯಂ ಎಂದಾಯಿತು. ಭೂಮಿಯ ಮೇಲೆ ಅದು ದೊರೆತದ್ದು 1895ರಲ್ಲಿ, ರಾಮ್ಸೆಯ ಕೈಗೆ.

ಸೂರ್ಯನೊಳಗೆ ಒಂದು ಹೊಸ ವಸ್ತುವಿದೆಯೆಂಬ ಸುಳಿವು ನಮ್ಮ ಜಮಖಂಡಿಯ ಆಕಾಶದಲ್ಲಿಯೂ ಹೊಳೆದಿತ್ತು. ಆದರೆ ಇಂದು ಜಮಖಂಡಿಯ ಶಾಲೆಯೊಂದನ್ನು ಹೊಕ್ಕು ಕೇಳಿದರೆ ಎಷ್ಟು ಮಕ್ಕಳು ಇದನ್ನು ಹೇಳಿಯಾರು? ಹರ್ಷೆಲನು ತನ್ನ ವರದಿಯನ್ನು ಇಂಗ್ಲಿಷಿನಲ್ಲಿ ಬರೆದು ಲಂಡನ್ನಿಗೆ ಕಳುಹಿಸಿದನು; ಅವನಿಂದ ಕನ್ನಡವನ್ನು ನಿರೀಕ್ಷಿಸುವುದು ನ್ಯಾಯವಲ್ಲ. ಅವನ ತರುವಾಯ ಬಂದ ನಮ್ಮವರೂ ಬಹುಮಟ್ಟಿಗೆ ಅದನ್ನೇ ಮಾಡಿದರಲ್ಲ, ಅದು ನಮ್ಮ ದೂರು. 1980ರ ಫೆಬ್ರುವರಿ 16ರಂದು ಮತ್ತೆ ಖಗ್ರಾಸದ ನೆರಳು ಅಂಕೋಲೆಯಿಂದ ಹುಬ್ಬಳ್ಳಿ ಗದಗುಗಳನ್ನು ದಾಟಿ ರಾಯಚೂರಿನ ಮೇಲೆ ಹಾಯ್ದಿತು. ಬೆಂಗಳೂರಿನ ಖಗೋಳವಿಜ್ಞಾನಿಗಳು ರಾಯಚೂರು ಸೀಮೆಯ ಜವಳಗೇರಿಯಲ್ಲಿ ಯಂತ್ರಗಳನ್ನು ಹೂಡಿ ಕುಳಿತರು. ಎರಡೂವರೆ ನಿಮಿಷಗಳಿಗೆ ಮಿಕ್ಕಿ ಹಗಲು ಇರುಳಾಯಿತು. ಸೂರ್ಯನ ಕಿರೀಟವು ಬೆಳ್ಳಗೆ ಹರಡಿತು. ಒಂದೇ ಸ್ಥಳದಲ್ಲಿ ಇಂಥ ದೃಶ್ಯವು ನೂರಾರು ವರುಷಗಳಿಗೊಮ್ಮೆ ಮಾತ್ರ ಒದಗುವುದು. ಆ ಮಧ್ಯಾಹ್ನ ಊರೂರಿನ ಬೀದಿಗಳು ಬಿಕೋ ಎನ್ನುತ್ತಿದ್ದವು. ಕನ್ನಡಿಗರ ಮನೆಯಂಗಳಕ್ಕೆ ಬಂದ ಅತಿಥಿಯನ್ನು ಪರದೇಶದವರು ಬಂದು ಕಂಡುಹೋದರು. ಮನೆಯವರು ಒಳಗೆ ಕದವಿಕ್ಕಿಕೊಂಡಿದ್ದರು.

ಈಗ ಇದಕ್ಕೆ ವ್ಯತಿರಿಕ್ತವಾದ ಒಂದು ನಿದರ್ಶನವನ್ನು ಹೇಳುವೆವು. ಮದರಾಸಿನ ವೀಕ್ಷಣಾಲಯದಲ್ಲಿ ಚಿಂತಾಮಣಿ ರಘುನಾಥಾಚಾರ್ಯರೆಂಬ ಮಹನೀಯರಿದ್ದರು. ಕಾಂತಿಯು ಹೆಚ್ಚುಕಡಿಮೆಯಾಗುವ ಒಂದು ನಕ್ಷತ್ರವನ್ನು 1867ರಲ್ಲಿ ಕಂಡುಹಿಡಿದವರು. ನಾವು ಮೇಲೆ ಹೇಳಿದ 1868ರ ಗ್ರಹಣವನ್ನು ವನಪರ್ತಿಯಲ್ಲಿ ನಿಂತು ವೀಕ್ಷಿಸಿದವರು. ಇಂಗ್ಲೆಂಡಿನ ರಾಯಲ್ ಖಗೋಳ ಸಂಘವು ಅವರನ್ನು ಸದಸ್ಯರನ್ನಾಗಿ ಮಾಡಿಕೊಂಡಿತು. ಇಷ್ಟು ಕೀರ್ತಿಯನ್ನು ಸಂಪಾದಿಸಿದ ವಿದ್ವಾಂಸರು ಆ ಸಂಘದ ಪತ್ರಿಕೆಗೆ ನಾಲ್ಕು ಲೇಖನ ಬರೆದು ಸುಮ್ಮನಿರಬಹುದಾಗಿತ್ತು. ಅವರು ಹಾಗೆ ಮಾಡಲಿಲ್ಲ. 1874ರ ಡಿಸೆಂಬರ್ 9ರಂದು ಶುಕ್ರಗ್ರಹವು ಸೂರ್ಯಬಿಂಬದ ಮೇಲೆ ಹಾಯುವುದೆಂದು ತಿಳಿದಾಗ, ಜನರಿಗೆ ಅದನ್ನು ಮುಂಚಿತವಾಗಿಯೇ ತಿಳಿಸಲು ಒಂದು ಪುಸ್ತಿಕೆಯನ್ನು ಬರೆದು ದೇಶಭಾಷೆಗಳಲ್ಲಿ ಹೊರಡಿಸಿದರು. ಅವುಗಳಲ್ಲಿ ಕನ್ನಡವೂ ಒಂದು. ಪುಸ್ತಿಕೆಯ ರೂಪವೇ ಗಮನಾರ್ಹವಾದುದು: ಅದು ಉಪನ್ಯಾಸವಲ್ಲ, ಹಳೆಯ ಕ್ರಮದಲ್ಲಿ ಓದಿದ ಒಬ್ಬ ಸಿದ್ಧಾಂತಿಯೊಡನೆ ನಡೆಯುವ ಸಂಭಾಷಣೆ.

ಇದರ ಒಳಗುಟ್ಟನ್ನು ನಮ್ಮ ಇಂದಿನ ವಿಜ್ಞಾನಿಗಳು ವಿಚಾರಿಸಿ ನೋಡಬೇಕು. ರಘುನಾಥಾಚಾರ್ಯರು ಪಂಚಾಂಗದ ಮನೆತನದವರನ್ನು ಮೂಢರೆಂದು ಬದಿಗೊತ್ತಲಿಲ್ಲ. ಊರಿನಲ್ಲಿ ಆಕಾಶದ ಲೆಕ್ಕವನ್ನು ಬಲ್ಲವನೂ ಜನರು ಯಾರ ಮಾತನ್ನು ಕೇಳುವರೋ ಅವನೂ ಆ ಸಿದ್ಧಾಂತಿಯೇ ಎಂಬುದು ಅವರಿಗೆ ಗೊತ್ತಿತ್ತು. ಹಳೆಯ ಕೋಷ್ಟಕಗಳಿಂದ ತೆಗೆದ ಗ್ರಹಸ್ಥಾನವು ಕಣ್ಣಿಗೆ ಕಾಣುವ ಸ್ಥಾನದೊಡನೆ ಕೂಡಿಬರುವುದಿಲ್ಲ, ನೋಡಿ ತಿದ್ದಿಕೊಳ್ಳಿರೆಂದು ಅವನೊಡನೆಯೇ ವಾದಿಸಿದರು. ಸ್ವತಃ ದೃಗ್ಗಣಿತದ ಪಂಚಾಂಗವನ್ನೂ ಹೊರಡಿಸಿದರು. ಸಿದ್ಧಾಂತಿಯು ಒಪ್ಪಿದನೆಂದರೆ ಅಗ್ರಹಾರವೆಲ್ಲ ಒಪ್ಪಿದಂತೆ.

ನಿಜವಾಗಿ ನೋಡಿದರೆ ನಮ್ಮ ಪುರೋಹಿತನಷ್ಟು ಗಣಿತವನ್ನು ನಂಬಿದವನು ಊರಿನಲ್ಲಿ ಇನ್ನೊಬ್ಬನಿಲ್ಲ. ರಾಹುವು ತನ್ನ ಇಷ್ಟದಂತೆ ಸೂರ್ಯನನ್ನು ನುಂಗುವ ರಾಕ್ಷಸನಾದರೆ, ಅವನು ಇಷ್ಟು ಗಂಟೆ ಇಷ್ಟು ನಿಮಿಷಕ್ಕೆ ಬಾಯಿ ಹಾಕುವನೆಂದು ವರುಷಕ್ಕೆ ಮೊದಲೇ ಅಚ್ಚುಹಾಕಿಸುವುದು ಹೇಗೆ ಸಾಧ್ಯ? ರಾಹುಕೇತುಗಳೆಂದರೆ ಚಂದ್ರನ ಹಾದಿಯು ಸೂರ್ಯನ ಹಾದಿಯನ್ನು ಕತ್ತರಿಸುವ ಎರಡು ಸ್ಥಾನಗಳೆಂದು ಗಣಿತವನ್ನು ಬಲ್ಲ ಯಾವ ಜೋಯಿಸನಿಗೂ ತಿಳಿದಿದೆ. ತಿಳಿದಿಲ್ಲದಿದ್ದರೆ ಅವನ ಲೆಕ್ಕವೇ ಕೂಡಿಬಾರದು. ಚಂದ್ರನ ಹಾದಿಯು ಸುಮಾರು ಐದು ಅಂಶದಷ್ಟು ಓರೆಯಾಗಿರುವುದರಿಂದಲೇ ಪ್ರತಿ ಅಮಾವಾಸ್ಯೆಗೂ ಗ್ರಹಣವಾಗದೆ, ಆ ಕತ್ತರಿಯ ಸ್ಥಾನದ ಸಮೀಪದಲ್ಲಿ ಅಮಾವಾಸ್ಯೆಯು ಬಂದಾಗ ಮಾತ್ರ ಆಗುವುದು. ಗ್ರಹಣವು ನೆರಳಿನಿಂದ ಆಗುವುದೆಂದು ಆರ್ಯಭಟನು ಕ್ರಿ. ಶ. 499ರ ಸುಮಾರಿಗೇ ಬರೆದಿಟ್ಟನು. ಬಳಿಕ ಬಂದ ಬ್ರಹ್ಮಗುಪ್ತನು ಗ್ರಹಣವನ್ನು ನೆರಳಿನ ಲೆಕ್ಕದಿಂದಲೇ ಗಣಿಸಿದರೂ, ಶ್ರುತಿಸ್ಮೃತಿಗಳಿಗೆ ವಿರೋಧವಾಗಿ ರಾಹುವನ್ನು ಅಲ್ಲಗಳೆಯುವುದೆಂತು ಎಂದು ಆರ್ಯಭಟನ ಮೇಲೆ ಹರಿಹಾಯ್ದನು. ಅಂದರೆ ಈ ಜಗಳವು ಪಶ್ಚಿಮದಿಂದ ಬಂದುದಲ್ಲ. ನಮ್ಮ ಮನೆಯೊಳಗಿನದೇ, ಹದಿನಾಲ್ಕುನೂರು ವರುಷಗಳಷ್ಟು ಹಳೆಯದು. ಬ್ರಹ್ಮಗುಪ್ತನಂಥ ಮೇಧಾವಿಯೂ ಜನಾಭಿಪ್ರಾಯಕ್ಕೆ ಅಂಜಿ ಎರಡು ನಾಲಿಗೆಯಲ್ಲಿ ಮಾತನಾಡಬೇಕಾಯಿತೆಂದರೆ ಇಂದಿನ ಜೋಯಿಸನನ್ನು ಏನೆಂದು ದೂರೋಣ?

ಭಾಷೆಯ ವಿಷಯವನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಕನ್ನಡದಲ್ಲಿ ವಿಜ್ಞಾನವನ್ನು ಹೇಳಲು ಪದಗಳಿಲ್ಲವೆಂಬ ಗೊಣಗಾಟವನ್ನು ನಾವು ಇಂದಿಗೂ ಕೇಳುತ್ತಿದ್ದೇವೆ. ಗ್ರಹಣದ ಮಟ್ಟಿಗಂತೂ ಇದು ಹಸಿ ಸುಳ್ಳು. ಸ್ಪರ್ಶ, ನಿಮೀಲನ, ಮಧ್ಯ, ಉನ್ಮೀಲನ, ಮೋಕ್ಷ ಎಂಬ ಐದು ಮಾತುಗಳು ಪಂಚಾಂಗದಲ್ಲಿವೆ: ಚಂದ್ರಬಿಂಬವು ಸೂರ್ಯಬಿಂಬಕ್ಕೆ ತಾಗುವುದು, ಪೂರ್ತಿ ಮುಚ್ಚುವುದು, ನಟ್ಟನಡುವೆ ಬರುವುದು, ಮತ್ತೆ ತೆರೆಯುವುದು, ಕಟ್ಟಕಡೆಗೆ ಬಿಟ್ಟುಹೋಗುವುದು. ಇಂಗ್ಲಿಷಿನವರು ಒಂದನೆಯ ತಾಕು, ಎರಡನೆಯ ತಾಕು ಎಂದು ಎಣಿಕೆಯಿಟ್ಟು ಹೇಳುವಲ್ಲಿ ನಮಗೆ ಹೆಸರುಗಳೇ ಉಂಟು. ಖಗ್ರಾಸ, ಖಂಡಗ್ರಾಸ, ಕಂಕಣ ಎಂಬ ಭೇದಗಳನ್ನು ಅಕ್ಷರವರಿಯದ ಅಜ್ಜಿಯೂ ಬಲ್ಲಳು. ಸ್ಪರ್ಶವಾಯಿತೇ, ಮೋಕ್ಷವಾಯಿತೇ ಎಂದು ಗಡಿಯಾರ ನೋಡಿ ಸ್ನಾನಕ್ಕೆ ಏಳುವ ಆ ಮುದುಕಿಗೆ ಅರ್ಧ ಖಗೋಳಶಾಸ್ತ್ರವು ಆಗಲೇ ಬಂದಿದೆ. ಉಳಿದ ಅರ್ಧವನ್ನು ಹೇಳಿಕೊಡುವುದನ್ನು ಬಿಟ್ಟು ನಮ್ಮ ವಿದ್ಯಾವಂತರು ಅವಳನ್ನು ನೋಡಿ ನಗುವರು.

ಪ್ರಯತ್ನಗಳು ನಡೆದಿಲ್ಲವೆಂದಲ್ಲ. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ಗಣಿತವನ್ನು ಕನ್ನಡದಲ್ಲಿಯೇ ಬರೆದನು. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಬೆಂಗಳೂರಿನಿಂದ ಹೊರಡಿಸಿದರು, ಅದು ಎರಡು ವರುಷಕ್ಕೆ ನಿಂತಿತು. ಯಕ್ಷಗಾನಕ್ಕಾಗಿ ಆಯುಷ್ಯವನ್ನು ಸವೆಸಿದ ಶಿವರಾಮ ಕಾರಂತರು ಮಕ್ಕಳಿಗಾಗಿ ‘ಬಾಲಪ್ರಪಂಚ’ವನ್ನು ಒಬ್ಬರೇ ಕುಳಿತು ಬರೆದರು. ನಕ್ಷತ್ರಗಳನ್ನು ಕನ್ನಡಿಗರಿಗೆ ತೋರಿಸಿದ ಜಿ. ಟಿ. ನಾರಾಯಣರಾಯರು ಅಷ್ಟೇ ಶ್ರದ್ಧೆಯಿಂದ ಸಂಗೀತ ಕಚೇರಿಗಳ ವಿಮರ್ಶೆಯನ್ನೂ ಬರೆಯುತ್ತಿದ್ದರು. ಕಲೆಗೂ ವಿಜ್ಞಾನಕ್ಕೂ ಎಣ್ಣೆಸೀಗೆಯೆಂಬವರು ಈ ಇಬ್ಬರ ಹೆಸರನ್ನು ನೆನೆದರೆ ಸಾಕು. ಭಾಸ್ಕರಾಚಾರ್ಯನು ವಿಜಾಪುರದವನೋ ಖಾನದೇಶದವನೋ ಎಂದು ಜಗಳವಾಡುವುದರಲ್ಲಿ ನಾವು ತೋರಿಸುವ ಉತ್ಸಾಹದ ಹತ್ತರಲ್ಲೊಂದು ಪಾಲು ಇಂಥವರ ಪುಸ್ತಕಗಳನ್ನು ಕೊಳ್ಳುವುದರಲ್ಲಿ ತೋರಿಸಿದ್ದರೆ!

ಜನರನ್ನು ಬಿಟ್ಟು ಮಾಡಿದ ಸುಧಾರಣೆಯ ಗತಿಯೇನಾಗುವುದೆಂಬುದಕ್ಕೆ ನಮ್ಮ ರಾಷ್ಟ್ರೀಯ ಪಂಚಾಂಗವೇ ಸಾಕ್ಷಿ. ದೇಶದಲ್ಲಿ ಸುಮಾರು 30 ಬಗೆಯ ಪಂಚಾಂಗಗಳಿರುವುದನ್ನು ಕಂಡು, 1952ರಲ್ಲಿ ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯು ನೇಮಕವಾಯಿತು. ನಕ್ಷತ್ರಗಳ ಉಷ್ಣವನ್ನು ಅಳೆಯುವ ಸೂತ್ರವನ್ನು ಲೋಕಕ್ಕೆ ಕೊಟ್ಟ ಮಹಾವಿಜ್ಞಾನಿ ಅವರು. ಸಮಿತಿಯ ವರದಿಯು ಗಟ್ಟಿಯಾದುದು, ಲೆಕ್ಕವು ನಿರ್ದೋಷವಾದುದು. 1957ರ ಮಾರ್ಚ್ 22ರಿಂದ, ಶಕ 1879ರ ಚೈತ್ರ 1ರಿಂದ, ಹೊಸ ಪಂಚಾಂಗವು ಜಾರಿಗೆ ಬಂತು. ಇಂದು ಅದನ್ನು ನೋಡಿ ಮನೆಯಲ್ಲಿ ಹಬ್ಬ ಮಾಡುವ ಒಬ್ಬ ಗೃಹಸ್ಥನನ್ನು ತೋರಿಸಿರಿ. ರಾಜಪತ್ರದ ತಲೆಯ ಮೇಲೆಯೂ ಆಕಾಶವಾಣಿಯ ಬಾಯಿಯಲ್ಲಿಯೂ ಅದು ಉಳಿಯಿತು. ಮಠಗಳೊಡನೆ, ದೇವಾಲಯಗಳೊಡನೆ, ಊರೂರಿನ ಜೋಯಿಸರೊಡನೆ ಕುಳಿತು ಮಾತನಾಡದೆ, ಸುತ್ತೋಲೆಯಿಂದ ಸಂಕ್ರಾಂತಿಯನ್ನು ತಿದ್ದಲು ಹೊರಟುದರ ಫಲವಿದು ಎಂಬುದು ನಮ್ಮ ಮತ.

ಇದಕ್ಕೆ ಹೋಲಿಸಿ ನಮ್ಮ ನರಗುಂದದಲ್ಲಿ ಹುಟ್ಟಿದ ವೆಂಕಟೇಶ ಬಾಪೂಜಿ ಕೇತಕರರನ್ನು ನೋಡಿರಿ. ಬಾಗಲಕೋಟೆಯ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಉಪಾಧ್ಯಾಯರು. ಯುರೋಪಿನ ಹೊಸ ಗಣಿತವನ್ನೆಲ್ಲ ಅರಗಿಸಿಕೊಂಡು, ಪಂಚಾಂಗ ಮಾಡುವವರಿಗೆ ಉಪಯೋಗವಾಗುವಂತೆ ‘ಜ್ಯೋತಿರ್ಗಣಿತ’ವನ್ನು ಸಂಸ್ಕೃತದಲ್ಲಿ ರಚಿಸಿದರು, ಸಂಸ್ಕೃತವೇ ಏಕೆಂದರೆ ಅದನ್ನು ಓದಬೇಕಾದವರು ಓದುತ್ತಿದ್ದುದು ಆ ಭಾಷೆಯನ್ನೇ. ನೆಪ್ಚೂನಿನಾಚೆಗೆ ಗ್ರಹವಿರಬೇಕೆಂದು 1911ರಲ್ಲಿ ಫ್ರಾನ್ಸಿನ ಪತ್ರಿಕೆಯಲ್ಲಿ ಬರೆದವರೂ ಇವರೇ. ಸರಕಾರದ ಆಜ್ಞೆಯ ಬಲವಿಲ್ಲದೆ ಒಬ್ಬ ಶಾಲಾಮಾಸ್ತರರು ಪಂಚಾಂಗದ ಮನೆಗಳೊಳಗೆ ಹೊಸ ಗಣಿತವನ್ನು ಹೊಗಿಸಿದರು. ನಮ್ಮ ಉಪಾಧ್ಯಾಯ ಬಂಧುಗಳು ಇದನ್ನು ಅಭಿಮಾನದಿಂದ ಹೇಳಿಕೊಳ್ಳಬೇಕು.

ಮಾತನಾಡಲು ಹೋದರೆ ಧರ್ಮದವರು ಕದ ತೆರೆಯುವರೇ ಎಂದು ಕೆಲವರು ಕೇಳಬಹುದು. ಬೆಂಗಳೂರಿನ ಗವಿ ಗಂಗಾಧರೇಶ್ವರನ ಗುಡಿಯಲ್ಲಿ ಮಕರ ಸಂಕ್ರಮಣದ ಸಾಯಂಕಾಲ ಸೂರ್ಯನ ಕಿರಣಗಳು ಕಿಟಕಿಯಿಂದ ಬಂದು, ನಂದಿಯ ಕೊಂಬುಗಳ ನಡುವೆ ಹಾಯ್ದು ಲಿಂಗದ ಮೇಲೆ ಬೀಳುವುದನ್ನು ನೋಡಲು ಸಾವಿರಾರು ಜನರು ಸೇರುವರಷ್ಟೆ. ಅಲ್ಲಿಗೆ ಖಗೋಳಜ್ಞರು ಅಳತೆಯ ಸಾಧನಗಳೊಡನೆ ಹೋದರು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಇಲ್ಲಿ ಸಂಚರಿಸಿದ ಡೇನಿಯಲ್ ಎಂಬ ಆಂಗ್ಲ ಚಿತ್ರಕಾರರು ಬರೆದ ಗುಡಿಯ ಚಿತ್ರವನ್ನು ಇಂದಿನ ಕಟ್ಟಡದೊಡನೆ ಹೋಲಿಸಿ, ನಡುವೆ ಆದ ಮಾರ್ಪಾಟುಗಳನ್ನು ಗುರುತಿಸಿ, 2008ರಲ್ಲಿ ಪ್ರಕಟಿಸಿದರು. ಶಿಲ್ಪಿಯ ಕೈ, ಚಿತ್ರಕಾರನ ಕಣ್ಣು, ಗಣಿತಜ್ಞನ ಲೆಕ್ಕ ಮೂರೂ ಒಂದು ಗವಿಯಲ್ಲಿ ಕೂಡಿದುವು. ಲೆಕ್ಕವು ಹೇಳುವುದೇನು? ಸೂರ್ಯನು ದಕ್ಷಿಣದ ತುದಿಯನ್ನು ಮುಟ್ಟುವುದು ಡಿಸೆಂಬರ್ 21-22ಕ್ಕೆ. ಸಂಕ್ರಮಣವು ಅಲ್ಲಿಂದ 24 ದಿನಗಳ ಮೇಲೆ. ಹಾಗಾದರೆ ಅಷ್ಟೇ ದಿನ ಹಿಂದೆ, ನವೆಂಬರ್ ಕೊನೆಯಲ್ಲಿ, ಸೂರ್ಯನು ಅದೇ ಸ್ಥಾನದಲ್ಲಿರಲೇಬೇಕು. ಕಿರಣವು ಅಂದೂ ಅದೇ ರೀತಿ ಬೀಳಲೇಬೇಕು. ಬೀಳುತ್ತದೆ ಕೂಡ! ಅಂದು ಜಾತ್ರೆಯಿಲ್ಲ, ಅಷ್ಟೆ. ಉತ್ತರಾಯಣವೂ ಮಕರ ಸಂಕ್ರಮಣವೂ ಒಂದೇ ದಿನ ಬರುತ್ತಿದ್ದುದು ಸುಮಾರು 1,700 ವರುಷಗಳ ಹಿಂದೆ. ಭೂಮಿಯ ಅಕ್ಷವು ಬುಗುರಿಯಂತೆ ಓಲಾಡುವುದರಿಂದ 72 ವರುಷಕ್ಕೆ ಒಂದು ಅಂಶದಂತೆ ಅವು ಅಗಲುತ್ತಿವೆ. ಇದನ್ನು ತಿಳಿದವನ ಭಕ್ತಿಯು ಕಡಿಮೆಯಾಗುವುದೆಂದು ನಾವು ನಂಬಲಾರೆವು. ಬಂಡೆಯನ್ನು ಕೊರೆದು ಕಿಟಕಿಯಿಟ್ಟವನ ಜಾಣ್ಮೆಯ ಮೇಲೆ ಗೌರವ ಹೆಚ್ಚುವುದು.

ನಮ್ಮ ಶಾಸನಗಳೂ ಇಂಥ ಒಂದು ಕೂಡುದಾಣವೇ ಸರಿ. ಸೂರ್ಯಗ್ರಹಣದ ಪುಣ್ಯಕಾಲದಲ್ಲಿ ಕೊಟ್ಟ ಭೂದಾನವನ್ನು ಕಲ್ಲಿನಲ್ಲಿ ಕೆತ್ತಿಸಿ, ಮೇಲೆ ಸೂರ್ಯಚಂದ್ರರನ್ನು ಬಿಡಿಸಿದ ಶಿಲೆಗಳು ಕನ್ನಡನಾಡಿನ ಉದ್ದಗಲಕ್ಕೂ ನಿಂತಿವೆ. ಭಕ್ತನು ಪುಣ್ಯಕ್ಕಾಗಿ ಕೆತ್ತಿಸಿದ ತಿಥಿಯನ್ನು ಇಂದು ಖಗೋಳಜ್ಞರು ಗಣಿತದಿಂದ ಒರೆಗೆ ಹಚ್ಚಿ, ಅರಸರ ಕಾಲವನ್ನು ನಿರ್ಣಯಿಸಲು ಇತಿಹಾಸಕಾರರಿಗೆ ನೆರವಾಗುತ್ತಿದ್ದಾರೆ.

ಆದರೆ ಸಂವಾದವೆಂದರೆ ಎಲ್ಲಕ್ಕೂ ತಲೆದೂಗುವುದೆಂದು ಯಾರೂ ತಿಳಿಯಕೂಡದು. ಇಂದಿನ ಎಲ್ಲ ವಿಜ್ಞಾನವೂ ವೇದದಲ್ಲಿ ಮೊದಲೇ ಇತ್ತೆಂದು ಹೇಳಿ ಚಪ್ಪಾಳೆ ಗಿಟ್ಟಿಸುವವರು ವಿಜ್ಞಾನಕ್ಕೂ ವೇದಕ್ಕೂ ಸಮನಾಗಿ ಅಪಚಾರ ಮಾಡುತ್ತಿದ್ದಾರೆ. ಗರ್ಭಿಣಿಯನ್ನು ತೊಟ್ಟು ನೀರಿಲ್ಲದೆ ಗಂಟೆಗಟ್ಟಲೆ ಕತ್ತಲೆಯ ಕೋಣೆಯಲ್ಲಿ ಕೂಡಿಸುವುದು, ಮಕ್ಕಳನ್ನು ಮಣ್ಣಿನಲ್ಲಿ ಹೂಳುವುದು, ಇವುಗಳೊಡನೆ ರಾಜಿಯಿಲ್ಲ. ಗ್ರಹಣಕಾಲದಲ್ಲಿ ಸೂರ್ಯನಿಂದ ಯಾವ ಹೊಸ ವಿಷಕಿರಣವೂ ಹೊರಡುವುದಿಲ್ಲ, ಅನ್ನವು ಕೆಡುವುದಿಲ್ಲ. ಅಪಾಯವಿರುವುದು ಒಂದೇ ಕಡೆ: ಬರಿಗಣ್ಣಿನಿಂದ ಸೂರ್ಯನನ್ನು ದಿಟ್ಟಿಸಿದರೆ ನೋವೇ ತೋರದಂತೆ ಕಣ್ಣಿನ ಒಳಪರದೆಯು ಸುಟ್ಟುಹೋಗುವುದು. ಸಗಣಿನೀರಿನಲ್ಲಿ ಪ್ರತಿಬಿಂಬವನ್ನು ನೋಡುವ ಹಳೆಯ ರೂಢಿಯೂ ನೆಚ್ಚತಕ್ಕದ್ದಲ್ಲ. ಇದನ್ನು ಸ್ಪಷ್ಟವಾಗಿ ಹೇಳದೆ ‘ಅಂಜಬೇಡಿ, ಹೊರಗೆ ಬನ್ನಿ’ ಎಂದಷ್ಟೇ ಕೂಗುವ ವಿಚಾರವಾದಿಯೂ ಅರ್ಧ ಸತ್ಯವನ್ನೇ ಹೇಳಿದಂತಾಯಿತು.

ಇನ್ನು ಕೆಲಸದ ಮಾತು. 2031ರ ಮೇ 21ರಂದು ಕೇರಳ ಮತ್ತು ತಮಿಳುನಾಡುಗಳ ದಕ್ಷಿಣಭಾಗದಲ್ಲಿ ಕಂಕಣಗ್ರಹಣವಾಗುವುದು, ನಮ್ಮಲ್ಲಿ ಖಂಡಗ್ರಾಸ. ಅಂದು ಪ್ರತಿಯೊಂದು ಊರಿನ ಉಪಾಧ್ಯಾಯರು ಊರಿನ ಅರ್ಚಕರನ್ನು ಮೊದಲು ಹೋಗಿ ಕಾಣಲಿ. ಸ್ಪರ್ಶಮೋಕ್ಷಗಳ ವೇಳೆಯನ್ನು ಅವರ ಪಂಚಾಂಗದಿಂದಲೇ ಬರೆದುಕೊಳ್ಳಲಿ. ರಟ್ಟಿನ ತುಂಡಿಗೆ ಸೂಜಿಯಿಂದ ಒಂದು ರಂಧ್ರ ಮಾಡಿ, ಗುಡಿಯ ಗೋಡೆಯ ಮೇಲೆ ಸೂರ್ಯನ ಚಿತ್ರವನ್ನು ಬೀಳಿಸಿ, ಅರ್ಚಕರ ಕೈಯಲ್ಲಿಯೇ ಗಡಿಯಾರವನ್ನು ಕೊಟ್ಟು, ಲೆಕ್ಕವು ಎಷ್ಟು ಸೆಕೆಂಡಿಗೆ ಕೂಡಿಬಂತೆಂದು ಅವರಿಂದಲೇ ಮಕ್ಕಳಿಗೆ ಹೇಳಿಸಲಿ. ಹೊಂಗೆಯ ಮರದ ಕೆಳಗೆ ಕರೆದೊಯ್ದರೆ ಎಲೆಗಳ ಸಂದಿನಿಂದ ಬಿದ್ದ ನೂರಾರು ಬಾಗುಸೂರ್ಯರನ್ನು ನೆಲದ ಮೇಲೆ ಕಾಣಬಹುದು. ಅದಕ್ಕೆ ಕಾಸಿನ ಖರ್ಚೂ ಇಲ್ಲ. ತಟ್ಟೆಯ ನೀರಿನಲ್ಲಿ ಒನಕೆಯನ್ನು ನಿಲ್ಲಿಸಿ, ಗ್ರಹಣವಿರುವುದರಿಂದ ನಿಂತಿತೆನ್ನುವ ಮನೆಗೆ ಮರುದಿನ ಹೋಗಿ, ಅದೇ ಒನಕೆಯನ್ನು ಅದೇ ತಟ್ಟೆಯಲ್ಲಿ ನಿಲ್ಲಿಸಿರೆಂದು ವಿನಯದಿಂದ ಬೇಡಲಿ. ಮೇಳದವರು, ಹರಿಕಥೆಯ ದಾಸರು ಸಮುದ್ರಮಥನದ ಪ್ರಸಂಗವನ್ನೇ ಹಿಂದಿನ ರಾತ್ರಿ ಆಡಲಿ, ಹಾಡಲಿ. ರಾಹುವಿನ ವೇಷ ಬಂದಾಗ, ಕಥೆಯಲ್ಲಿ ಇವನಿಗೆ ತಲೆಯುಂಟು, ಲೆಕ್ಕದಲ್ಲಿ ಇವನು ಒಂದು ಬಿಂದು ಎಂಬ ಮಾತನ್ನು ಅರ್ಥಧಾರಿಯು ತನ್ನ ಚಾತುರ್ಯದಿಂದ ಸೇರಿಸಬಲ್ಲನು. ನಮ್ಮ ಅರ್ಥಧಾರಿಗಳಿಗೆ ಇದು ಕಷ್ಟವೇ?

ಬೆಂಗಳೂರಿನ ಸಂಶೋಧನ ಮಂದಿರಗಳಲ್ಲಿರುವ ಕನ್ನಡಿಗ ವಿಜ್ಞಾನಿಗಳಿಂದ ನಾವು ಬೇಡುವುದು ಇನ್ನೂ ಕಡಿಮೆ. ರಘುನಾಥಾಚಾರ್ಯರು 1874ರಲ್ಲಿ ಮಾಡಿದ್ದನ್ನು ಅವರೂ ಒಮ್ಮೆ ಮಾಡಲಿ: ಹದಿನಾರು ಪುಟದ ಒಂದು ಪುಸ್ತಿಕೆ, ಪಂಚಾಂಗದ ಮಾತುಗಳಲ್ಲಿ, ಗ್ರಹಣಕ್ಕೆ ಆರು ತಿಂಗಳು ಮುಂಚಿತವಾಗಿ, ಊರಿನ ಜೋಯಿಸರ ವಿಳಾಸಕ್ಕೆ.